ಮೊದಲ ಅಂಬಿಗನ ಕೊನೆಯ ಮಾತು

ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದ್ದರೂ ಒಂದು ಮೂಲೆಯಲ್ಲಿ ಬೆಳಕು ಸೋರುತ್ತಿದೆ, ಟೀ ಕುದಿಯುವ ಆ ದೊಡ್ಡ ಪಾತ್ರೆಯ ಹಬೆ ಅದರೊಳಗೆ ಹಾದು ಹೋಗುತ್ತಿದೆ, ಯಾರಾದರೂ ಎದ್ದು ಬಟ್ಟೆಯನ್ನು ಇನ್ನೊಂದು ಗೇಣು ಎಳೆಯಬಾರದೆ, ನಾನೇ ಏಳೋಣವೆಂದರೆ ಮಂಡಿ ಒಪ್ಪಬೇಕಲ್ಲ, ಮೇಲಾಗಿ ಇವತ್ತು ನಾನು ಮೊದಲ ಸಾಲಿನ ಅತಿಥಿ, ಕುರ್ಚಿಯ ಬೆನ್ನಿಗೆ ಎನಿಡ್ ಪ್ರೊಸರ್ ಎಂದು ಹೆಸರು ಬೇರೆ ಅಂಟಿಸಿದ್ದಾರೆ — ಇದೇ ಚರ್ಚಿನ ಹಜಾರದಲ್ಲಿ ಬೈಬಲ್ ಪಾಠ ಬಾಯಿಪಾಠ ಮಾಡಿ ಒಪ್ಪಿಸಿದವಳು ಈಗ ಟೀವಿ ಧಾರಾವಾಹಿ ನೋಡಲು ಕೂತಿದ್ದೇನೆ, ಆಗಿನ ಪಾದ್ರಿಗಳು ಇದ್ದಿದ್ದರೆ ಏನನ್ನುತ್ತಿದ್ದರೋ, ಏನೂ ಅನ್ನುತ್ತಿರಲಿಲ್ಲ, ಅವರೂ ಶನಿವಾರ ಸಂಜೆ ಮನೆಯ ಪರದೆ ಎಳೆದುಕೊಂಡು ‘ತಾರೆಗಳ ಅಂಬಿಗ’ ನೋಡುತ್ತಿದ್ದವರೇ. ಸುತ್ತ ಎಲ್ಲ ನೀಲಿ ಕೋಟುಗಳು, ಅಂಬಿಗನ ಕೋಟು, ಹೊಟ್ಟೆಗೆ ಗುಂಡಿ ಹಾಕಲಾಗದ ಗಂಡಸರು, ಸೊಂಟಕ್ಕೆ ಸಣ್ಣ ಲಾಂದ್ರ ಸಿಕ್ಕಿಸಿಕೊಂಡ ಹೆಂಗಸರು, ನಮ್ಮ ಈ ಉಕ್ಕಿನ ಊರು ಪೋರ್ಟ್ ಟಾಲ್ಬಟ್‌ಗೆ ಇಷ್ಟು ಜನ ಎಲ್ಲೆಲ್ಲಿಂದಲೋ ಬಂದಿದ್ದಾರೆ, ಎಲ್ಲರೂ ಆ ಒಂದು ಕಂತಿಗಾಗಿ, ಟೀವಿ ಕಂಪನಿಯವರು ಟೇಪನ್ನು ಮತ್ತೆ ಬಳಸಲೆಂದು ಅಳಿಸಿ ಹಾಕಿದ ಕಂತು, ಇನ್ನಿಲ್ಲವೆಂದು ನಾವೆಲ್ಲ ಕೈತೊಳೆದುಕೊಂಡಿದ್ದ ಕಂತು, ಅದರ ಫಿಲ್ಮ್ ಪ್ರತಿಯೊಂದು ಮಾಲ್ಟಾದಲ್ಲಿ ಯಾರದೋ ಗ್ಯಾರೇಜಿನಲ್ಲಿ ಪೇಂಟಿನ ಡಬ್ಬಗಳ ಹಿಂದೆ ಸಿಕ್ಕಿತಂತೆ. ಪಕ್ಕದಲ್ಲಿ ತಮ್ಮ ಎಮ್ರಿಸ್ ಹೆಂಚಿನ ಕೇಕು ಮೆಲ್ಲುತ್ತಿದ್ದಾನೆ, ಮಡಿಲೆಲ್ಲ ಸಕ್ಕರೆ, ಎಪ್ಪತ್ತು ಹತ್ತಿರವಾದರೂ ತಿನ್ನುವುದು ಕಲಿಯಲಿಲ್ಲ.

ಇದನ್ನು ನಾನು ಪ್ರೀತಿಸುತ್ತೇನೋ ಬೈಯುತ್ತೇನೋ ನನಗೇ ಗೊತ್ತಿಲ್ಲ, ಎರಡೂ ಇರಬೇಕು, ಗಂಡನ ಜೊತೆ ಬಾಳಿದ ಹಾಗೆ. ನಕ್ಷತ್ರಗಳ ನಡುವೆ ದಾರಿ ತಪ್ಪಿದವರನ್ನು ದೋಣಿಯಲ್ಲಿ ಮನೆಗೆ ಮುಟ್ಟಿಸುವ ಮುದುಕ, ಅಷ್ಟೇ ಕಥೆ, ಕಪ್ಪು ಪರದೆಗೆ ತೂತು ಮಾಡಿ ಹಿಂದೆ ದೀಪ ಇಟ್ಟರೆ ಅದೇ ಆಕಾಶ, ದೋಣಿಯ ಬಾಗಿಲು ಮುಚ್ಚಿದರೆ ಗೋಡೆ ಅಲುಗುತ್ತಿತ್ತು, ಆದರೂ ಆ ತೂತುಗಳಷ್ಟು ದೂರದ ನಕ್ಷತ್ರ ನಾನು ಮತ್ತೆ ನೋಡಲಿಲ್ಲ. ಈಗ ದುಡ್ಡು ಸುರಿದು ಮಾಡುತ್ತಾರೆ, ಸಂಗೀತ ಕಿವಿಗೆ ಬಡಿಯುತ್ತದೆ, ಪ್ರತಿ ಕ್ರಿಸ್‌ಮಸ್‌ಗೂ ಜಗತ್ತು ಮುಳುಗುತ್ತದೆ, ಒಬ್ಬರಾದ ಮೇಲೊಬ್ಬರು ಅಂಬಿಗರು ಬಂದರು, ಬಂದವರು ವಾರಕ್ಕೊಮ್ಮೆ ಅಳಲೇಬೇಕು, ಯಾರೂ ಸುಮ್ಮನೆ ದಾರಿ ತಪ್ಪುವುದೇ ಇಲ್ಲ, ಯಾರನ್ನೂ ಸುಮ್ಮನೆ ಮನೆಗೆ ಬಿಡುವುದೂ ಇಲ್ಲ. ದೋಣಿಗೆ ಬೆಳ್ಳಿ ಬಣ್ಣ ಬಳಿದ ವರ್ಷ ಇನ್ನು ನೋಡುವುದಿಲ್ಲವೆಂದು ಆಣೆ ಮಾಡಿದ್ದೆ, ಆ ವರ್ಷವಿಡೀ ಶನಿವಾರ ಸರಿಯಾಗಿ ಆ ಹೊತ್ತಿಗೆ ಒರೆಸುವ ಬಟ್ಟೆ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿರುತ್ತಿದ್ದೆ, ನೋಡುತ್ತಿರಲಿಲ್ಲ, ತಟ್ಟೆ ಒರೆಸುತ್ತಿದ್ದೆ, ಒಂದೇ ತಟ್ಟೆ. ಮೊಮ್ಮಗಳು ಲೊವ್ರಿಗೆ ಈಗಿನದೇ ಚೆಂದ, ಮಾಮ್‌ಗಿ ಅಜ್ಜಿ, ನಿಮ್ಮ ಕಾಲದ್ದು ತುಂಬ ನಿಧಾನ, ಒಂದು ಬಾಗಿಲು ದಾಟೋಕೆ ಅರ್ಧ ಕಂತು ಬೇಕು ಅವ್ರಿಗೆ ಅಂತಾಳೆ, ಅಂದರೂ ನನ್ನ ತೊಡೆಗೆ ಒರಗಿ ಕೂತೇ ನೋಡುತ್ತಾಳೆ, ಅವಳ ಕಾಲದ ಅಂಬಿಗಿತ್ತಿ ಅತ್ತರೆ ಇವಳೂ ಅಳುತ್ತಾಳೆ, ಆಗ ನಾನು ಸಂಗೀತದ ಸದ್ದಿನ ಬಗ್ಗೆ ಬಾಯಿ ಬಿಡುವುದಿಲ್ಲ.

ಆಚೆ ಬದಿಯಲ್ಲಿ ಕುರ್ಚಿ ಜೋಡಿಸುತ್ತಿರುವವನ ಬೆನ್ನಿನ ಮೇಲೆ ಅಪ್ಪನ ಮಾತು, ಅಂಗಿಯ ಮೇಲೆ ಅಚ್ಚು ಹಾಕಿಸಿಕೊಂಡಿದ್ದಾನೆ, ಬಾಗಿಲು ಹಾಕೋ, ಇಡೀ ಪೋರ್ಟ್ ಟಾಲ್ಬಟ್‌ಗೆ ನಾವೇ ಬೆಂಕಿ ಕಾಯಿಸ್ಬೇಕಾ — ಅಪ್ಪನಿಗೆ ಇದು ಗೊತ್ತಾಗಿದ್ದರೆ ಕಾರ್ಖಾನೆಯ ಕುಲುಮೆಯ ಮುಂದೆ ನಿಂತೇ ನಕ್ಕು ನಕ್ಕು ಬೀಳುತ್ತಿದ್ದರು. ಆಗೆಲ್ಲ ಟೀವಿಯಲ್ಲಿ ಒಮ್ಮೆ ಬಂದ ಕಂತು ಮತ್ತೆ ಬರುತ್ತಿರಲಿಲ್ಲ, ಹಾಸಿಗೆಯಲ್ಲಿ ಮಲಗಿ ಇನ್ನೊಮ್ಮೆ ಕೇಳಬೇಕೆಂದರೆ ಟೀವಿಯ ಮುಂದೆ ಮೈಕು ಹಿಡಿದು ಟೇಪಿಗೆ ತುಂಬಿಕೊಳ್ಳಬೇಕು, ನನ್ನಂಥ ಹುಚ್ಚರು ದೇಶದ ತುಂಬ ಹಾಗೆ ಮಾಡುತ್ತಿದ್ದರೆಂದು ಆಮೇಲೆ ತಿಳಿಯಿತು. ನಮ್ಮದು ಚರ್ಚಿನ ಟೇಪ್ ರೆಕಾರ್ಡರ್, ಹಾಸಿಗೆ ಹಿಡಿದವರಿಗೆ ಪ್ರವಚನ ಕೇಳಿಸಲು ಇಟ್ಟದ್ದು, ಪಾದ್ರಿಗಳು ಶನಿವಾರಕ್ಕೆ ಮಾತ್ರ ಕೊಡುತ್ತಿದ್ದರು, ಸುರುಳಿಯ ಒಂದು ಕಡೆ ಯೋನನ ತಿಮಿಂಗಿಲದ ಪ್ರವಚನ, ಇನ್ನೊಂದು ಕಡೆ ಅಂಬಿಗ. ಮನೆಯಲ್ಲಿ ಕರ್ಫ್ಯೂ, ಗಿಳಿಯ ಪಂಜರಕ್ಕೆ ಬಟ್ಟೆ, ಬೆಕ್ಕು ಹೊರಗೆ, ಅಮ್ಮ ಕೆಮ್ಮು ಬಂದರೆ ಹಿತ್ತಲಿಗೆ ಓಡಬೇಕು, ಹನ್ನೊಂದರ ಹುಡುಗಿ ನಾನು ಟೀವಿಗೆ ಮೂಗು ತಾಗುವಷ್ಟು ಹತ್ತಿರ ಮಂಡಿಯೂರಿ, ಉಸಿರು ಬಿಗಿಹಿಡಿದು, ಬಾಗಿಲಿಗೆ ಬೆನ್ನು. ಅವತ್ತು ಮೊದಲ ಅಂಬಿಗ ದೋಣಿ ಬಿಟ್ಟು ಹೋಗುವ ದಿನ, ಲಾಂದ್ರವನ್ನು ದೋಣಿಯಲ್ಲಿ ಜೊತೆಗಿದ್ದ ಹುಡುಗಿಯ ಕೈಗಿತ್ತು, ತೆರೆದ ಬಾಗಿಲಲ್ಲಿ ನಿಂತು, ದೀಪ ಆರಿ, ಎಲ್ಲ ಕತ್ತಲಾಗಿ, ಆ ಕತ್ತಲಲ್ಲಿ ಅವನು ಕೊನೆಯ ಮಾತು ಹೇಳುತ್ತಾನೆ, ಹೇಳುವ ಹೊತ್ತಿಗೇ ಎಮ್ರಿಸ್ ಹೊರಗಿಂದ ನುಗ್ಗಿ ಬಾಗಿಲು ಹಾಕದೆ ಬಂದ, ಅವನ ಹಿಂದೆಯೇ ಪಾಳಿ ಮುಗಿಸಿದ ಅಪ್ಪ, ಹಗಲೆಲ್ಲ ಕರಗಿದ ಉಕ್ಕಿನ ಮುಂದೆ ಬೆವರು ಸುರಿಸಿ ಬಂದವರಿಗೆ ಮನೆಗೆ ಬಂದೊಡನೆ ಚಳಿ, ಬಾಗಿಲು ಹಾಕೋ, ಇಡೀ ಪೋರ್ಟ್ ಟಾಲ್ಬಟ್‌ಗೆ ನಾವೇ ಬೆಂಕಿ ಕಾಯಿಸ್ಬೇಕಾ — ಅಷ್ಟೇ, ಮುಗಿಯಿತು. ಅಂಬಿಗನ ಮಾತು ಕೊಚ್ಚಿಹೋಯಿತು. ಆಮೇಲೆ ಟೇಪಿನಲ್ಲಿ ಬರೀ ಮುಕ್ತಾಯದ ಸಂಗೀತ, ಮನೆಯ ಸದ್ದು ಒಂದೂ ಇಲ್ಲ, ಹೆಜ್ಜೆಯಿಲ್ಲ, ಬೂಟು ಬಿದ್ದ ಸದ್ದಿಲ್ಲ, ಅಪ್ಪ ಬೈದು ಹಾಗೇ ಹಿತ್ತಲಿಗೆ ಹೋದರೆಂದುಕೊಂಡೆ, ಪರದೆಯ ತೂತು ನೋಡ್ಕೊಂಡು ಕೂತಿದ್ದಾಳೆ ಇವಳು ಅಂತ ಯಾವಾಗಲೂ ಹೇಳುತ್ತಿದ್ದವರಿಗೆ ನನ್ನ ಟೇಪು ಲೆಕ್ಕಕ್ಕುಂಟೇ ಅಂದುಕೊಂಡೆ, ಹಾಗೆ ಅಂದುಕೊಂಡೇ ಇಷ್ಟು ವರ್ಷ ಕಳೆದೆ.

ಕಂಪನಿಯವರು ಅಳಿಸಿದ ಮೇಲೆ ಜಗತ್ತಿನಲ್ಲಿ ಆ ಕಂತಿನ ಸದ್ದು ಉಳಿದದ್ದು ನನ್ನ ಸುರುಳಿಯಲ್ಲಿ ಮಾತ್ರ, ಬ್ರಿಸ್ಟಲ್‌ನ ಒಬ್ಬ ಅಭಿಮಾನಿ ನಕಲು ಮಾಡಿಕೊಂಡ, ಅವನಿಂದ ಇನ್ನೊಬ್ಬ, ಹಾಗೆ ಅಪ್ಪ ಹಡಗು ಹತ್ತದೆಯೇ ಆಸ್ಟ್ರೇಲಿಯಾ ಮುಟ್ಟಿದರು, ಬ್ರೆಜಿಲ್ ಮುಟ್ಟಿದರು, ಅಲ್ಲಿ ಒಬ್ಬ ಪ್ರೊಫೆಸರು ಅದು ಕಥೆಯದೇ ಮಾತೆಂದು ತಿಳಿದು, ತೆರೆದ ಬಾಗಿಲಾಚೆಯಿಂದ ಮಾತಾಡುವುದು ದೇವರು, ಪೋರ್ಟ್ ಟಾಲ್ಬಟ್ ಎಂಬುದು ಆರಿಹೋದ ನಕ್ಷತ್ರದ ಹೆಸರು ಅಂತ ಉದ್ದಕ್ಕೆ ಲೇಖನ ಬರೆದ, ಎಮ್ರಿಸ್ ಅದನ್ನು ಕ್ಲಬ್ಬಿನಲ್ಲಿ ಓದಿ ಹೇಳಿದಾಗ ಬಿಯರು ಮೂಗಿಗೆ ಹತ್ತದವರಿಲ್ಲ. ಬಾಗಿಲು ತೆಗೆದಿಟ್ಟವನೇ ನಾನು ಅಂತ ಅವನದೂ ಒಂದು ಜಂಬ, ಸಮ್ಮೇಳನಗಳಲ್ಲಿ ಸಹಿ ಹಾಕಿಕೊಡುತ್ತಾನೆ. ನಗಲಿ ಬಿಡಿ. ನನಗೆ ಇಪ್ಪತ್ತು ತುಂಬುವ ಮೊದಲೇ ಅಪ್ಪ ಹೋದರು, ಇರುವುದು ಮದುವೆಯ ಒಂದು ಫೋಟೋ, ಬಿಗಿ ಕಾಲರಿನಲ್ಲಿ ಯಾರೋ ಅಪರಿಚಿತ, ಅಪ್ಪ ಅನ್ನಿಸುವುದು ಈ ಒಂದು ಮಾತು ಮಾತ್ರ, ಆ ದನಿಯೊಳಗಿನ ದೂಳು, ಆ ಸುಸ್ತು, ಬೈಗುಳದ ತುದಿಯಲ್ಲಿ ಇನ್ನೇನು ನಗಲಿರುವ ಆ ಎಳೆತ. ಅದಕ್ಕೇ ಇವತ್ತು ಬರಬಾರದೆಂದಿದ್ದೆ. ಫಿಲ್ಮಿನಲ್ಲಿ ಸದ್ದು ಸ್ವಚ್ಛವಾಗಿದೆಯಂತೆ, ಚಳಿಗಾಲಕ್ಕೆ ಹೊಸದಾಗಿ ಬಿಡುಗಡೆಯಂತೆ, ಕೆಟ್ಟ ಸದ್ದಿನ ಹಳೇ ಟೇಪು ಇನ್ನು ಬೇಡ ಎಂದು ಕಂಪನಿಯ ಹುಡುಗಿ ನಯವಾಗಿಯೇ ಹೇಳಿದಳಂತೆ, ನಮ್ಮ ಅಭಿಮಾನಿ ಬಳಗದ ಅಧ್ಯಕ್ಷ ಗೆರೈಂಟ್ ಮೊನ್ನೆ ಮನೆಗೆ ಬಂದು ಟೋಪಿ ಕೈಯಲ್ಲಿ ಹಿಡಿದು ಈ ಸುದ್ದಿ ಒಪ್ಪಿಸಿದ. ಕೆಟ್ಟ ಸದ್ದು. ಎಲ್ಲರಂತೆ ನನಗೂ ಅಂಬಿಗ ಏನಂದ ಎಂದು ತಿಳಿಯಬೇಕು, ಹನ್ನೊಂದರ ಹುಡುಗಿಯಿಂದಲೂ ಬೇಕು, ಆದರೆ ತಿಳಿದ ಕೂಡಲೇ ಅಪ್ಪನ ಮಾತು ಯಾರ ಬಾಯಲ್ಲೂ ಇರುವುದಿಲ್ಲ, ಅಂಗಿ ಹಳತಾಗುತ್ತದೆ, ನಗು ಹಳತಾಗುತ್ತದೆ, ಅಪ್ಪ ಇನ್ನೊಮ್ಮೆ ಸಾಯುತ್ತಾರೆ. ಅಷ್ಟೇ ನನ್ನ ಭಯ. ಗೆರೈಂಟ್ ಹೇಳಿದ, ಆಂಟಿ ಎನಿಡ್, ನೀವು ಬರ್ದೇ ಇದ್ರೆ ನಾವು ಹಾಕೋದೇ ಇಲ್ಲ, ಡಬ್ಬ ಮುಚ್ಚಿಟ್ಟು ಟೀ ಕುಡ್ದು ಮನೆಗೆ ಹೋಗ್ತೀವಿ. ಹೇಳಿದ್ದನ್ನು ಮಾಡುವವನೇ, ಅದಕ್ಕೇ ಬಂದೆ, ಇಷ್ಟು ಜನರ ಆಸೆಯ ಮೇಲೆ ಕೂರಲು ನಾನೇನು ಗೂಬೆಯೇ.

ಯಾರೋ ಕಡೆಗೂ ಆ ಬಟ್ಟೆ ಎಳೆದರು, ಕತ್ತಲಾಯಿತು, ಯಂತ್ರ ಗರಗರ ಅನ್ನುತ್ತಿದೆ, ಗೋಡೆಯ ಮೇಲೆ ದೋಣಿ — ಅಯ್ಯೋ, ಎಷ್ಟು ಚಿಕ್ಕದು, ನನ್ನ ಕಿವಿಯಲ್ಲಿ ಅದು ಈ ಹಜಾರಕ್ಕಿಂತ ದೊಡ್ಡದಿತ್ತು, ಬಾಗಿಲು ಮುಚ್ಚಿದರೆ ಗೋಡೆ ಅಲುಗಿತು, ಎಲ್ಲರೂ ಖುಷಿಯಿಂದ ಹೋ ಅಂದರು, ನಾನೂ ಅಂದೆ. ಮಾತೆಲ್ಲ ಬಾಯಿಗೆ ಬರುತ್ತದೆ, ಮಾತಿಗೆ ಇಷ್ಟು ವರ್ಷದ ಮೇಲೆ ಮುಖ ಬರುತ್ತಿದೆ, ಹುಡುಗಿಯ ಮೂಗಿನ ಮೇಲೆ ಚುಕ್ಕೆಗಳಿದ್ದವಲ್ಲ, ಮರೆತೇ ಹೋಗಿತ್ತು, ಅಂಬಿಗನ ಕೋಟಿನ ತೋಳು ಹೊಲಿಗೆ ಬಿಟ್ಟಿದೆ, ಚೆನ್ನಾಗಿದೆ, ನಿಧಾನವಾಗಿಯೇ ಇದೆ, ಲೊವ್ರಿ ಇದ್ದಿದ್ದರೆ ನಿದ್ದೆ ಹೋಗುತ್ತಿದ್ದಳು, ನನಗೆ ಮಾತ್ರ ಇದೇ ಸಂತೋಷ, ಇಂಥದಕ್ಕೇ ಅಲ್ಲವೇ ತಟ್ಟೆ ಒರೆಸಿದ್ದು. ಬಂತು, ಲಾಂದ್ರ ಕೈ ಬದಲಾಯಿತು, ಅಂಬಿಗ ಬಾಗಿಲಿಗೆ ನಡೆದ, ಎಮ್ರಿಸ್ ಮೆಲ್ಲುವುದು ನಿಲ್ಲಿಸಿದ, ಯಾರೂ ಕೆಮ್ಮುತ್ತಿಲ್ಲ, ಎಲ್ಲರೂ ಮುಂದಕ್ಕೆ ಬಾಗಿದ್ದಾರೆ, ಈಗ ದೀಪ ಆರುತ್ತದೆ, ಆರಿತು, ಗೋಡೆ ಕಪ್ಪು, ಪೂರಾ ಕಪ್ಪು — ಈ ಕಪ್ಪನ್ನು ನಾನು ನೋಡಿದ್ದೇನೆ. ಟೇಪಿನಲ್ಲಿ ಕಪ್ಪು ಇರಲಿಲ್ಲ, ಟೇಪಿನಲ್ಲಿ ಕಪ್ಪು ಹೇಗಿರುತ್ತದೆ, ಆದರೆ ಅವತ್ತು ಮನೆಯ ಟೀವಿಯಲ್ಲಿತ್ತು, ಉಬ್ಬಿದ ಗಾಜು, ಚಿತ್ರ ಕಪ್ಪಾದೊಡನೆ ಗಾಜಿನಲ್ಲಿ ನಮ್ಮ ಕೋಣೆ ಮೂಡಿತ್ತು, ಪಂಜರ, ನನ್ನ ಮುಖ, ನನ್ನ ಹಿಂದೆ ತೆರೆದ ಬಾಗಿಲು, ಬಾಗಿಲಲ್ಲಿ ಅಪ್ಪ, ಒಂಟಿ ಕಾಲಲ್ಲಿ, ಒಂದು ಕೈ ಗೋಡೆಗೆ, ಕಳಚಿದ ಬೂಟು ಇನ್ನೊಂದು ಕೈಯಲ್ಲಿ, ಬಾಯಿಂದ ಆ ಮಾತು ಆಗಷ್ಟೇ ಹೊರಬಿದ್ದಿದೆ —

ಚಪ್ಪಾಳೆ, ಎಲ್ಲರೂ ಎದ್ದು ನಿಂತಿದ್ದಾರೆ, ಸಂಗೀತ ಬರುತ್ತಿದೆ, ಹಿಂದೆ ಯಾರೋ ಅಳುತ್ತಿದ್ದಾರೆ, ಎಮ್ರಿಸ್ ನನ್ನ ಮೊಣಕೈ ಹಿಡಿದು ಅಲ್ಲಾಡಿಸುತ್ತಿದ್ದಾನೆ, ಕೇಳಿಸ್ತಾ ನಿಂಗೆ, ಇಷ್ಟೇನಾ ಅವ್ನು ಅಂದಿದ್ದು, ಎಷ್ಟು ಚೆನ್ನಾಗಂದ ನೋಡು ಮಾರಾಯ್ತಿ. ಇಲ್ಲ, ಕೇಳಿಸಲಿಲ್ಲ, ಇಷ್ಟು ಜನರಲ್ಲಿ ನನಗೊಬ್ಬಳಿಗೇ ಕೇಳಿಸಲಿಲ್ಲ, ಕೇಳಿದರೆ ಯಾರಾದರೂ ಹೇಳುತ್ತಾರೆ, ಗೆರೈಂಟ್ ಸುರುಳಿ ಹಿಂದಕ್ಕೆ ಸುತ್ತಿ ಮತ್ತೆ ಹಾಕುತ್ತಾನೆ, ಬೇಡ, ಈಗ ಬೇಡ, ಸ್ವಲ್ಪ ತಡಿಯೋ ಎಮ್ರಿಸ್, ನೋಡುತ್ತಿದ್ದೇನೆ, ಅಪ್ಪ ಹಿತ್ತಲಿಗೆ ಹೋಗಿರಲಿಲ್ಲ, ಮಾತು ಆಡಿದ ಮೇಲೆ ಮೈಕನ್ನು ಕಂಡರು, ಗೋಡೆಯಿಂದ ಕೈ ತೆಗೆದು ಬಾಯಿ ಮುಚ್ಚಿಕೊಂಡರು, ಮಸಿ ಹಿಡಿದ ಕೈ, ಅದರ ಮೇಲೆ ಎರಡು ಕಣ್ಣು, ಇನ್ನು ಸದ್ದು ಮಾಡಬಾರದೆಂದು ಬೂಟು ನೆಲಕ್ಕೆ ಬಿಡದೆ, ಕಾಲು ಊರದೆ, ದಿನವಿಡೀ ನಿಂತು ಬಂದ ಮನುಷ್ಯ, ಸಂಗೀತ ಮುಗಿಯುವವರೆಗೂ, ನನ್ನ ಪರದೆಯ ತೂತುಗಳಿಗಾಗಿ, ಒಂಟಿ ಕಾಲಲ್ಲಿ, ಬಾಯಿ ಮೇಲೆ ಕೈ, ಬೂಟು ಗಾಳಿಯಲ್ಲಿ —