ಅಮ್ಮನ ಹಲ್ಲು

ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಹುಳಿ ನಾತ ಮೇಜಿನ ತುಂಬ ಹರಡಿತು. ಹಲ್ಲಕ್ಕ ಮುಖವನ್ನು ಹಿಂದಕ್ಕೆಳೆದುಕೊಂಡಳು. ಒದ್ದೆ ಕಾಗದದ ನಡುವೆ ಮೇಲ್ದವಡೆಯ ಹಲ್ಲಿನ ಸೆಟ್ಟು ಎರಡು ಹೋಳಾಗಿ ಬಿದ್ದಿತ್ತು. ಗುಲಾಬಿ ಬಣ್ಣದ ವಸಡಿಗೆ ಹಳದಿ ಲೋಳೆ ಕಟ್ಟಿತ್ತು. ಹಲ್ಲುಗಳ ಸಂದಿಯಲ್ಲಿ ಎಂದೋ ಅಗಿದ ಊಟದ ಚೂರು ಇನ್ನೂ ಮೆತ್ತಗೆ ಕೂತಿತ್ತು.

"ತೊಳೆದಾದ್ರೂ ತರಬಾರದಿತ್ತಾ?"

"ನಾನ್ಯಾಕಮ್ಮ ಮುಟ್ಟಲಿ? ಅವನು ಉಗುಳಿದ, ನಾನು ಮುಚ್ಚಳ ಹಾಕಿದೆ," ಎಂದ ಜೈಲಿನ ಪೇದೆ, ಡಬ್ಬಿ ಹಿಡಿದಿದ್ದ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ. "ಬಚ್ಚಲಲ್ಲಿ ಬೀಳಿಸಿಕೊಂಡನಂತೆ. ನಾಡಿದ್ದು ಕೋರ್ಟು. ಆ ಬದುಕಿ ಉಳಿದ ಮುದುಕಮ್ಮ ಸಾಕ್ಷಿ ಹೇಳ್ತಾಳೆ. ಅಷ್ಟರೊಳಗೆ ಹಲ್ಲು ಬೇಕೇ ಬೇಕು ಅಂತ ಪ್ರಾಣ ತಿಂದುಬಿಟ್ಟ."

ಯಾರು ಎಂದು ಅವಳು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ಎಡಗಡೆ, ಮುಂದಿನ ಹಲ್ಲಿನ ಪಕ್ಕದ ಹಲ್ಲು ತುಸು ಓರೆಯಾಗಿ, ಒಡಹುಟ್ಟಿದವಳ ಹೆಗಲಿಗೆ ಒರಗಿ ಗುಟ್ಟು ಹೇಳುವ ಹುಡುಗಿಯ ಹಾಗೆ ಬಾಗಿ ನಿಂತಿತ್ತು. ಅದನ್ನು ಹಾಗೆ ನಿಲ್ಲಿಸಿದ ಕೈ ಅವಳದೇ.

"ಇನ್ನೊಂದು ಮಾತು ಹೇಳಿ ಕಳಿಸಿದಾನೆ," ಎಂದು ಪೇದೆ ದನಿ ತಗ್ಗಿಸಿದ. "ಆ ಓರೆ ಹಲ್ಲು ಹಾಗೇ ಇರಬೇಕಂತೆ. 'ಅಕ್ಕನಿಗೆ ಹೇಳಿ, ಅಕ್ಕ ನನ್ನನ್ನ ಮರೆತಿರಲ್ಲ' ಅಂದ."

ಹಿಂದೆ ತೊಟ್ಟಿಯ ಹತ್ತಿರ ಪ್ಲಾಸ್ಟರ್ ಕಲಸುತ್ತಿದ್ದ ಮಾವ ತಿರುಗಿ ನೋಡಿದ. "ಮರೆಯೋಕೆ ಪೇಪರಿನವರು ಬಿಡ್ಬೇಕಲ್ಲಪ್ಪ! ದಿನಾ ಬೆಳಿಗ್ಗೆ ಅವನ ಹಲ್ಲು ನೋಡಿಯೇ ನಾವು ನಮ್ಮ ಹಲ್ಲು ಉಜ್ಜಬೇಕು. ನೀನು ಹೊರಗೆ ಬೆಂಚಿನ ಮೇಲೆ ಕೂತಿರು, ಹೋಗು."

ಅದು ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನ ಹಿಂದಿನ ಕೋಣೆ. ಡಾಕ್ಟರು ಮುಂದೆ ಕೂತು ಬಾಯಿಯ ಅಚ್ಚು ತೆಗೆದರೆ, ಮಾವ ಹಿಂದೆ ಅದಕ್ಕೆ ಪ್ಲಾಸ್ಟರ್ ಎರೆದು ಬೊಚ್ಚು ದವಡೆ ಮಾಡುತ್ತಾನೆ. ಆ ದವಡೆಗೆ ಮೇಣದ ವಸಡು ಕಟ್ಟಿ, ಒಂದೊಂದೇ ಹಲ್ಲು ಊರುವವಳು ಅವಳು. ಅದಕ್ಕೇ ಎಲ್ಲರ ಬಾಯಲ್ಲೂ ಹಲ್ಲಕ್ಕ. ಮಾವ ಸಂಬಂಧದಲ್ಲಿ ಯಾರಿಗೂ ಮಾವನಲ್ಲ, ಎಲ್ಲರಿಗೂ ಮಾವ.

ಈಗ ಜೈಲಿನಲ್ಲಿರುವ ಅವನು ಹಲ್ಲು ಕಟ್ಟಿಸಲು ಬಂದದ್ದು ಹೋದ ವರ್ಷದ ಹಿಂದಿನ ವರ್ಷ. ಮಟ್ಟಸವಾದ ಅಂಗಿ, ಮಟ್ಟಸವಾದ ಮಾತು. ಮೇಣದ ಹಲ್ಲು ಹಾಕಿ ನೋಡುವ ದಿನ ಕೈಗನ್ನಡಿ ಹಿಡಿದುಕೊಂಡು ಬಹಳ ಹೊತ್ತು ಕೂತ. "ಅಕ್ಕಾ, ಚೆನ್ನಾಗಿದೆ. ಆದ್ರೆ ಅಂಗಡಿ ಬೊಂಬೆ ಹಲ್ಲಿದ್ದ ಹಾಗಿದೆ. ನಾಲ್ಕು ಜನ ನೋಡಿದ್ರೆ ನಮ್ಮವನು ಅನ್ನೋ ಹಾಗಿರಲಿ," ಎಂದ. ಹಾಗೆ ಕೇಳಿದವರು ಅವಳ ಇಷ್ಟು ವರ್ಷದ ಕೆಲಸದಲ್ಲಿ ಯಾರೂ ಇರಲಿಲ್ಲ. ಎಲ್ಲರಿಗೂ ಸಾಲು ಹಿಡಿದು ನಿಂತ ಬಿಳಿ ಹಲ್ಲೇ ಬೇಕು. ಹಲ್ಲಕ್ಕನಿಗೆ ಸಂತೋಷವಾಗಿ ಹೋಯಿತು. ಬಿಸಿ ಅಲಗಿನಿಂದ ಮೇಣ ಮೆದು ಮಾಡಿ, ಆ ಒಂದು ಹಲ್ಲನ್ನು ಹೆಬ್ಬೆರಳಿನಿಂದ ಒಂಚೂರು ತಿರುಗಿಸಿದಳು. ಅವನು ಕನ್ನಡಿಯಲ್ಲಿ ನಕ್ಕ. ಇಡೀ ಮುಖವೇ ಬೇರೆಯಾಯಿತು.

"ನಮ್ಮಮ್ಮನ ಹಲ್ಲು ಹೀಗೇ ಇತ್ತು," ಎಂದು ಅವಳ ಬಾಯಿಂದ ಬಂದುಬಿಟ್ಟಿತು. "ನನಗೆ ಬರಲಿಲ್ಲ, ನನ್ನ ಮಗಳಿಗೆ ಬಂದಿದೆ."

"ಹಾಗಾದ್ರೆ ನಿಮ್ಮಮ್ಮ ಇನ್ನು ನನಗೂ ಅಮ್ಮ," ಎಂದು ಅವನು ಅವಳ ಕೈ ಹಿಡಿದುಕೊಂಡಿದ್ದ. ಅಂಗೈ ಬೆಚ್ಚಗಿತ್ತು, ಸ್ವಲ್ಪ ಒದ್ದೆಯಾಗಿತ್ತು. ಆ ದಿನ ಅವಳು ಮನೆಗೆ ಹೋಗಿ ಮಗಳ ಹತ್ತಿರ, "ಎಷ್ಟು ಒಳ್ಳೆ ಮನುಷ್ಯ ಗೊತ್ತಾ," ಎಂದು ಹೇಳಿಕೊಂಡಿದ್ದಳು.

ಒಂಟಿ ಮುದುಕಿಯರ ಮನೆಗೆ ಅವನು ಹಾಲು ತಂದುಕೊಡುತ್ತಿದ್ದನಂತೆ. ಉರಿಯದ ದೀಪ ಸರಿಮಾಡುತ್ತಿದ್ದನಂತೆ, ಕಾಲು ಒತ್ತುತ್ತಿದ್ದನಂತೆ. ಆಮೇಲೆ ಒಂದು ದಿನ ಬಿಸಿ ಹಾಲಿಗೆ ಏನೋ ಬೆರೆಸಿ, ಪಕ್ಕದಲ್ಲೇ ಕೂತು, ಲೋಟ ಖಾಲಿಯಾಗುವ ತನಕ ಮಾತಾಡಿಸುತ್ತಿದ್ದನಂತೆ. ಎಷ್ಟು ಮನೆ ಎಂದು ಪೊಲೀಸರು ಇನ್ನೂ ಅಗೆಯುತ್ತಲೇ ಇದ್ದರು. ಪೇಪರಿನವರು ಅವನಿಗೆ 'ನಗುಮುಖ' ಎಂದು ಹೆಸರಿಟ್ಟಿದ್ದರು. ಫೋಟೋ ಬಂದ ದಿನ ಮಾವ ಶೆಲ್ಫಿನಿಂದ ಅವನ ದವಡೆಯ ಅಚ್ಚನ್ನು ಹುಡುಕಿ, ಅಂಗಳದ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಪುಡಿ ಮಾಡಿದ.

ಅದಾದರೂ ಆಗಿಹೋಗಲಿ ಎಂದರೆ, ಬದುಕಿ ಉಳಿದ ಮುದುಕಿಯ ಮಾತು ಪೇಪರಿನಲ್ಲಿ ಬಂತು. ಅಪರಿಚಿತನನ್ನು ಒಳಗೆ ಯಾಕೆ ಬಿಟ್ಟಿರಿ ಎಂದು ಕೇಳಿದ್ದಕ್ಕೆ ಅವಳು ಹೇಳಿದ್ದಳು: "ಆ ಓರೆ ಹಲ್ಲು ತೋರಿಸಿ ನಗ್ತಿದ್ದ. ಇದು ನಮ್ಮಮ್ಮ ನನಗೆ ಬಿಟ್ಟುಹೋದ ಆಸ್ತಿ ಅಂತಿದ್ದ. ಹಾಗೆ ಅಮ್ಮನ್ನ ನೆನೆಸಿಕೊಳ್ಳೋನು ಕೆಟ್ಟವನು ಹೇಗಾಗ್ತಾನೆ ಹೇಳಿ?"

ಅದನ್ನು ಓದಿ ಹಲ್ಲಕ್ಕ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡಿದ್ದಳು.

ಅಂದಿನಿಂದ ಮನೆಯಲ್ಲಿ ಒಂದು ರೋಗ ಹತ್ತಿತು. ಮಗಳು ಶೂ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಸಂಜೆ ಬಂದು, ಯಾವ ಗಿರಾಕಿಯ ಕಾಲ್ಚೀಲದಲ್ಲಿ ಎಷ್ಟು ತೂತಿತ್ತು ಎಂದು ಅಭಿನಯ ಮಾಡಿ ತೋರಿಸಿ ತಾನೇ ನಗುವ ಹುಡುಗಿ. ಅವಳು ಬಾಯಿ ಬಿಟ್ಟು ನಕ್ಕಾಗ ಹಲ್ಲಕ್ಕನ ಕಣ್ಣು ಆ ಹಲ್ಲಿಗೆ ಹೋಗುತ್ತಿತ್ತು. ಹಿಂದೆ ಅಲ್ಲಿ ಅಮ್ಮ ಕಾಣುತ್ತಿದ್ದಳು. ಈಗ ಬೆಚ್ಚಗಿನ ಒದ್ದೆ ಅಂಗೈ, ಹಾಲಿನ ಲೋಟ. ಮುಖ ತಾನಾಗಿ ತಿರುಗಿಬಿಡುತ್ತಿತ್ತು. ಮಗಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಕಲಿತಳು. ಮೊನ್ನೆ ತಟ್ಟೆಯ ಕಡೆ ನೋಡುತ್ತಲೇ ಹೇಳಿದ್ದಳು: "ಡಾಕ್ಟ್ರ ಹತ್ತಿರ ಮಾತಾಡಿದೀನಮ್ಮ. ಮುಂದಿನ ವಾರ ತಂತಿ ಹಾಕ್ತಾರಂತೆ. ನೆಟ್ಟಗಾಗುತ್ತಂತೆ." ಹಲ್ಲಕ್ಕ ಬೇಡ ಎನ್ನಲಿಲ್ಲ. ಬೇಡ ಎಂದರೆ ದಿನವೂ ಆ ಓರೆ ಹಲ್ಲಿನ ನಗುವನ್ನು ಮುಖ ತಿರುಗಿಸದೆ ನೋಡಬೇಕಾಗುತ್ತಿತ್ತು.

ಈಗ ಅವಳು ಎರಡೂ ಹೋಳುಗಳನ್ನು ಇಕ್ಕಳದಿಂದ ಎತ್ತಿ ನಲ್ಲಿಯ ಕೆಳಗೆ ಹಿಡಿದಳು. ನೀರು ಬಿದ್ದಷ್ಟೂ ನಾತ ಎದ್ದಿತು. ಬ್ರಷ್ಷಿನಿಂದ ತಿಕ್ಕಿದಾಗ ಊಟದ ಚೂರು ಎಳೆಎಳೆಯಾಗಿ ಬಿಟ್ಟುಕೊಂಡು ತೊಟ್ಟಿಯ ಜಾಲರಿಯಲ್ಲಿ ಸಿಕ್ಕಿಹಾಕಿಕೊಂಡಿತು. ಎಷ್ಟೋ ಜನರ ಎಂಜಲು ತೊಳೆದ ಕೈ ಅದು. ಯಾವತ್ತೂ ಅಸಹ್ಯ ಎನಿಸಿರಲಿಲ್ಲ.

"ನನಗೆ ಕೊಡು, ನಾನು ತಿಕ್ತೀನಿ," ಎಂದ ಮಾವ.

"ಬೇಡ ಮಾವ. ಒಂದು ಕೈ ಕೆಟ್ಟಿದ್ದು ಸಾಕು."

ಮಾವನಿಗೆ ಸುಮ್ಮನಿರಲು ಬರುವುದಿಲ್ಲ. "ಒಂದು ಕಥೆ ಹೇಳ್ತೀನಿ ಕೇಳು. ಒಬ್ಬ ಮುದುಕ ಓಡಿಬಂದ್ನಂತೆ. 'ಡಾಕ್ಟ್ರೇ, ಹಲ್ಲು ಅದಲುಬದಲಾಗಿದೆ, ಇದು ನನ್ನ ಹೆಂಡತೀದು!' ಅಂದ್ನಂತೆ. 'ಹೇಗಯ್ಯಾ ಗೊತ್ತಾಯ್ತು?' ಅಂದ್ರೆ, 'ಹಾಕ್ಕೊಂಡಾಗಿನಿಂದ ಬಾಯಿ ಮುಚ್ತಾನೇ ಇಲ್ಲ ಸ್ವಾಮಿ' ಅಂದ್ನಂತೆ."

ಹಳಸಿದ ಕಥೆ. ಪ್ರತಿ ತಿಂಗಳೂ ಹೇಳುತ್ತಾನೆ. ಹಲ್ಲಕ್ಕ ನಗಲಿಲ್ಲ. ಮಾವ ಹೋಳುಗಳನ್ನು ಜೋಡಿಸಿ ಹಿಡಿದ. ಅವಳು ಅಂಟು ಹಾಕಿದಳು. ಅದರ ಕೆಳಗೆ ಪ್ಲಾಸ್ಟರ್ ಎರೆದು ಗಟ್ಟಿಯಾಗಲು ಬಿಟ್ಟರು.

ಡಾಕ್ಟರು ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ಒಳಗೆ ಬಂದರು. ಅವರ ಮುಖವೂ ಬಿಳಿಚಿಕೊಂಡಿತ್ತು. "ಹಲ್ಲಕ್ಕ, ನನಗೂ ಇದು ಬೇಕಿರಲಿಲ್ಲ. ಆದ್ರೆ ಹಲ್ಲಿಲ್ಲದೆ ಅವನು ಊಟ ಹೇಗೆ ಮಾಡ್ಬೇಕು? ನಾವು ಹಲ್ಲು ಕಟ್ಟೋರು, ತೀರ್ಪು ಕೊಡೋರಲ್ಲ."

"ಊಟಕ್ಕೆ ತಾನೆ ಡಾಕ್ಟ್ರೇ?"

"ಇನ್ನೇನಕ್ಕೆ?"

"ಹಾಗಾದ್ರೆ ಅಗಿಯೋ ಹಾಗೆ ಮಾಡಿಕೊಡ್ತೀನಿ."

ಡಾಕ್ಟರು ಅವಳನ್ನು ಒಂದು ಗಳಿಗೆ ನೋಡಿದರು. ಮೇಜಿನ ಮೇಲೆ ತೆರೆದಿದ್ದ ಹೊಸ ಹಲ್ಲುಗಳ ಡ್ರಾಯರನ್ನೂ ನೋಡಿದರು. ಮಾಸ್ಕ್ ಮೇಲಕ್ಕೆಳೆದುಕೊಂಡು ಮುಂದಿನ ಕೋಣೆಗೆ ಹೋದರು.

ಅವಳು ಬಿರುಕಿನ ಉದ್ದಕ್ಕೂ ಕೊರೆದು, ವಸಡಿನ ಬಣ್ಣದ ಪ್ಲಾಸ್ಟಿಕ್ ಪುಡಿಗೆ ದ್ರವ ಬೆರೆಸಿ ತುಂಬಿದಳು. ಆಮೇಲೆ ಸಣ್ಣ ಕೊರೆಯುವ ಯಂತ್ರವನ್ನು ಓರೆ ಹಲ್ಲಿನ ಬೆನ್ನಿಗೆ ಹಿಡಿದಳು. ಯಂತ್ರ ಕಿರುಗುಟ್ಟಿತು. ಹಲ್ಲು ಅಲುಗಾಡಿತು, ಆದರೆ ಬಿಡಲಿಲ್ಲ. ಅಷ್ಟು ಗಟ್ಟಿಯಾಗಿ ಊರಿದ್ದಳು. ಕೊನೆಗೆ ಟಕ್ಕೆಂದು ಕಿತ್ತು ಅಂಗೈಗೆ ಬಿತ್ತು. ಅದನ್ನು ಕಸದ ಬುಟ್ಟಿಗೆ ಹಾಕಲು ಮನಸ್ಸಾಗಲಿಲ್ಲ, ಜೇಬಿಗೆ ಹಾಕಲು ಮೈ ಒಪ್ಪಲಿಲ್ಲ. ಇಕ್ಕಳದಲ್ಲಿ ಹಿಡಿದು ಉಜ್ಜುವ ಚಕ್ರಕ್ಕೆ ಕೊಟ್ಟಳು. ಸುಟ್ಟ ವಾಸನೆ ಎದ್ದಿತು. ಬಿಳಿ ಪುಡಿ ಗಾಳಿಯಲ್ಲಿ ಹಾರಿ ತೋಳಿನ ಮೇಲೆ, ಮೂಗಿನ ಮೇಲೆ ಕೂತಿತು. ಅವಳು ಎಚ್ಚೆತ್ತುಕೊಳ್ಳುವಷ್ಟರಲ್ಲಿ ನಾಲಿಗೆ ತನ್ನ ಅಭ್ಯಾಸದಂತೆ ಒಣತುಟಿಯನ್ನು ಸವರಿಬಿಟ್ಟಿತ್ತು.

ಹಲ್ಲಕ್ಕ ಥೂ ಎಂದು ಉಗಿದಳು. ತೊಟ್ಟಿಗೆ ಓಡಿ ಬಾಯಿ ಮುಕ್ಕಳಿಸಿದಳು. ಇನ್ನೊಮ್ಮೆ ಮುಕ್ಕಳಿಸಿದಳು. ನಾಲಿಗೆಯನ್ನು ಬೆರಳಿನಿಂದ ಉಜ್ಜಿ ಉಜ್ಜಿ ತೊಳೆದಳು. ಮಾವ ಚಕ್ರವನ್ನು ನಿಲ್ಲಿಸಿದ.

ಹೊಸ ಹಲ್ಲನ್ನು ಸಾಲಿನಲ್ಲಿ ನೆಟ್ಟಗೆ ನಿಲ್ಲಿಸಿದಳು. ಇನ್ನು ಉಳಿದದ್ದು ನಯ ಮಾಡುವುದು. ಅಂಗುಳಿಗೆ ತಾಗುವ ಕಡೆ, ಜೋಡಿಸಿದ ಗೆರೆಯ ಮೇಲೆ ಒಂದು ಮುಳ್ಳು ಉಳಿದಿತ್ತು. ಕಣ್ಣಿಗೆ ಕಾಣದು, ಬೆರಳಿಗೆ ಸಿಗುತ್ತದೆ. ಬಿಟ್ಟರೆ ಅವನು ಅಗಿದಾಗಲೆಲ್ಲ ಚುಚ್ಚುತ್ತದೆ. ಎರಡು ದಿನಕ್ಕೆ ಹುಣ್ಣು, ನಾಲ್ಕು ದಿನಕ್ಕೆ ಕೀವು. ಯಾರಿಗೂ ಗೊತ್ತಾಗುವುದಿಲ್ಲ. ಅವಳು ಆ ಮುಳ್ಳಿನ ಮೇಲೆ ಹೆಬ್ಬೆರಳು ಆಡಿಸುತ್ತ ಕೂತಳು. ಕೀವು ತುಂಬಿದ ಬಾಯಿ ಕಣ್ಣ ಮುಂದೆ ಬಂತು. ಹಲ್ಲು ಸರಿಮಾಡಿಸಲು ಪೇದೆ ಮತ್ತೆ ಇದೇ ಡಬ್ಬಿ ಹಿಡಿದು ಬರುವುದೂ ಕಣ್ಣ ಮುಂದೆ ಬಂತು. ಅರ ಎತ್ತಿಕೊಂಡು ಉಜ್ಜಿದಳು. ಆ ಬಾಯಿಗೆ ನೋವಾಗದ ಹಾಗೆ, ಮಗುವಿನ ಕೆನ್ನೆಯಷ್ಟು ನುಣುಪಾಗುವ ತನಕ ಉಜ್ಜಿದಳು. ಉಜ್ಜುವಾಗ ತನ್ನ ಕೈಯ ಒಳ್ಳೆಯತನಕ್ಕೇ ಅವಳಿಗೆ ವಾಕರಿಕೆ ಬಂತು.

ಪೇದೆ ಡಬ್ಬಿಯೊಳಗೆ ಇಣುಕಿದ. "ಏನೋ ಬೇರೆ ಥರ ಕಾಣ್ತದಲ್ಲಮ್ಮ?"

"ಅಗಿಯೋಕೆ ಬರುತ್ತೆ."

"ಆ ಓರೆ ಹಲ್ಲು ಎಲ್ಲಿ ಅಂತ ಕೇಳಿದ್ರೆ?"

"ಅದು ಅವನದಲ್ಲ ಅಂತ ಹೇಳಿ."

ಪೇದೆ ಅವಳ ಮುಖ ನೋಡಿ ಮುಚ್ಚಳ ಹಾಕಿದ.

ಸಂಜೆ ಮಗಳು ಬಂದಾಗ ಹಲ್ಲಕ್ಕ ಸೋಪು ಹಚ್ಚಿ ಕೈ ತೊಳೆಯುತ್ತಿದ್ದಳು. ಬೆರಳ ತುದಿ ನೆನೆದು ಸುಕ್ಕುಗಟ್ಟಿತ್ತು. ಇಬ್ಬರೂ ಊಟಕ್ಕೆ ಕೂತರು. ಮಗಳು ಒಬ್ಬ ದಪ್ಪ ಗಿರಾಕಿಯ ಕಥೆ ಶುರುಮಾಡಿದಳು. ಬೂಟಿನೊಳಗೆ ಕಾಲು ಸಿಕ್ಕಿಕೊಂಡು ಇಡೀ ಅಂಗಡಿಯವರು ಎಳೆದ ಕಥೆ. ನಗು ಬರುವ ಹೊತ್ತಿಗೆ ಅವಳ ಕೈ ಬಾಯಿಗೆ ಬಂತು.

"ಕೈ ತೆಗಿ," ಎಂದಳು ಹಲ್ಲಕ್ಕ.

ಮಗಳು ಕೈ ಇಳಿಸಿದಳು. ಅಷ್ಟರಲ್ಲಿ ನಗು ಹೋಗಿತ್ತು. ತುಟಿಗಳು ಬಿಗಿಯಾಗಿ ಕೂಡಿಕೊಂಡವು. "ಏನಾಯ್ತಮ್ಮ?"

"ಏನಿಲ್ಲ. ಒಂದು ಕಥೆ ಹೇಳ್ತೀನಿ. ಮಾವ ಹೇಳಿದ್ದು." ಹಲ್ಲಕ್ಕನಿಗೆ ಕಥೆ ಹೇಳಿ ಅಭ್ಯಾಸವಿರಲಿಲ್ಲ. "ಒಬ್ಬ ಮುದುಕ ಇದ್ದ. ಅವನ ಬಾಯಿ ಮುಚ್ತಾನೇ ಇರಲಿಲ್ಲ. ಯಾಕಂದ್ರೆ ಹೆಂಡತಿ... ಅಲ್ಲ, ತಡಿ. ಮೊದಲು ಡಾಕ್ಟ್ರು ಕೇಳ್ತಾರೆ. ಅಲ್ಲ, ಮೊದಲು ಹಲ್ಲು ಬದಲಾಗುತ್ತೆ. ಆಮೇಲೆ ಮುದುಕ, ಇದು ಅವಳದ್ದು ಅಂತ..."

"ಅಯ್ಯೋ ಅಮ್ಮಾ! ಇದು ಮಾವನ ಹಳೇ ಕಥೆ! ಅದನ್ನೂ ಕೊಂದುಬಿಟ್ಯಲ್ಲ!"

ಮಗಳು ತಲೆ ಹಿಂದಕ್ಕೆಸೆದು ನಕ್ಕಳು. ತುತ್ತು ನುಂಗಿರಲಿಲ್ಲ, ಕೈ ಎತ್ತುವುದೂ ಮರೆತಿತ್ತು. ಓರೆ ಹಲ್ಲು ದೀಪದ ಬೆಳಕಿಗೆ ಪೂರಾ ಕಂಡಿತು. ಹಲ್ಲಕ್ಕನ ಮುಖ ಎಂದಿನಂತೆ ತಾನಾಗಿ ತಿರುಗಲು ಹೊರಟಿತು. ಅವಳು ಮೇಜಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡು, ಆ ನಗು ಮುಗಿಯುವ ತನಕ, ಕಣ್ಣು ಕೀಳದೆ ನೋಡಿದಳು.