ರಕ್ತ ಶುದ್ಧವಾಗಿದೆ

ರಕ್ತದ ಕ್ಯಾನ್ಸರ್ ಬಂದ ಮಗು ಬದುಕುವುದಿಲ್ಲ ಎಂದು ದೊಡ್ಡ ದೊಡ್ಡ ತಲೆಗಳೆಲ್ಲ ಕೈಚೆಲ್ಲಿ ಕೂತಿದ್ದ ಕಾಲ. ಡಾಕ್ಟರಮ್ಮ ಮಾತ್ರ ವಿಷದಂಥ ನಾಲ್ಕು ಔಷಧಿಗಳನ್ನು ಒಟ್ಟಿಗೇ ಕೊಟ್ಟು ನೋಡಿದರು. ಜೊತೆಯ ವೈದ್ಯರು ಬೆನ್ನ ಹಿಂದೆ ‘ಕಟುಕಿ’ ಎಂದು ಆಡಿಕೊಂಡರು. ಅವರ ಬಾಯಿಗೆ ಬೀಗ ಹಾಕಿದ್ದು ಡಾಕ್ಟರಮ್ಮನ ತಂಗಿಯ ಮಗಳು. ಸಾವಿನ ದವಡೆಯಲ್ಲಿದ್ದ ಆ ಹುಡುಗಿಯ ರಕ್ತದಲ್ಲಿ ಈಗ ಎಷ್ಟು ಹುಡುಕಿದರೂ ಒಂದು ಕೆಟ್ಟ ಕಣವೂ ಸಿಗುತ್ತಿರಲಿಲ್ಲ.

ಗೆದ್ದವರಿಗೆ ಕಿವಿ ಸ್ವಲ್ಪ ಮಂದವಾಗುತ್ತದೆ. ಹೋದ ತಿಂಗಳು ತಂಗಿ, “ಅಕ್ಕ, ಬೆಳಿಗ್ಗೆ ಎದ್ದ ಕೂಡ್ಲೇ ತಲೆನೋವು ಅಂತಾಳೆ” ಎಂದಿದ್ದಳು. ಡಾಕ್ಟರಮ್ಮ ಹುಡುಗಿಯ ಬೆರಳು ಚುಚ್ಚಿ, ಒಂದು ತೊಟ್ಟು ರಕ್ತ ತೆಗೆದು ನೋಡಿ, “ಶುದ್ಧವಾಗಿದೆ ಕಣೇ. ಹಗ್ಗ ಕಂಡಲ್ಲೆಲ್ಲ ಹಾವು ಅನ್ಬೇಡ” ಎಂದು ಗದರಿದ್ದರು. ರಕ್ತ ಸುಳ್ಳು ಹೇಳುವುದಿಲ್ಲ ಎಂದು ಊರಿಗೆಲ್ಲ ಪಾಠ ಮಾಡಿದವರು ಅವರೇ ತಾನೆ.

ಇವತ್ತು ಹುಡುಗಿ ತಪಾಸಣೆಯ ಮಂಚದ ಮೇಲೆ ಕಾಲಾಡಿಸುತ್ತ ಕೂತು ನಕ್ಕಳು. “ದೊಡ್ಡಮ್ಮ, ನೀವು ಇಬ್ಬಿಬ್ಬರು ಕಾಣ್ತಿದ್ದೀರಿ.”

“ಒಬ್ಬಳ ಕಾಟವೇ ಸಾಕಾಗಿದೆ ನಮಗೆ” ಎಂದು ತಂಗಿಯೂ ನಕ್ಕಳು.

ಡಾಕ್ಟರಮ್ಮನಿಗೆ ನಗು ಬರಲಿಲ್ಲ. ಟಾರ್ಚು ಹಿಡಿದು ನೋಡಿದರೆ ಹುಡುಗಿಯ ಎಡಗಣ್ಣು ಮೂಗಿನ ಕಡೆಗೆ ತಿರುಗಿ ಅಲ್ಲೇ ನಿಂತುಬಿಟ್ಟಿತ್ತು. ಔಷಧಿ ರಕ್ತದ ಜೊತೆ ಮೈಯೆಲ್ಲ ಸುತ್ತಿ ಬಂದಿತ್ತು, ಮಿದುಳಿನ ಹೊಸ್ತಿಲನ್ನು ಮಾತ್ರ ದಾಟಿರಲಿಲ್ಲ. ಮನೆಯೆಲ್ಲ ಜಾಲಾಡಿ ಓಡಿಸಿದೆವು ಎಂದುಕೊಂಡ ಕಳ್ಳ ಅಟ್ಟದ ಮೇಲೆ ಹಾಯಾಗಿ ಕೂತಿದ್ದ.

ಹುಡುಗಿಯನ್ನು ಮಗ್ಗುಲಾಗಿ ಮಲಗಿಸಿ ಬೆನ್ನುಮೂಳೆಗಳ ನಡುವೆ ಸೂಜಿ ಇಳಿಸಿದರು. ಮಿದುಳನ್ನು ಸುತ್ತಿ ಬೆನ್ನಿಗಿಳಿಯುವ, ನೀರಿನಷ್ಟು ತಿಳಿಯಾಗಿರಬೇಕಿದ್ದ ದ್ರವ ಮಬ್ಬಾಗಿ ಬಂತು. ಅದರ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿಟ್ಟರೆ ತುಂಬ ಅವೇ, ಅವರಿಗೆ ಚೆನ್ನಾಗಿ ಗುರುತಿದ್ದ ಆ ಕಣಗಳು.

“ಔಷಧಿಯನ್ನ ಬೆನ್ನೊಳಗೇ ಕೊಡಬೇಕು,” ಎಂದರು ತಂಗಿಗೆ. “ನಾನು ಯಾರಿಗೂ ಹೀಗೆ ಕೊಟ್ಟಿಲ್ಲ. ಉಳೀತಾಳೋ ಇಲ್ವೋ ಗೊತ್ತಿಲ್ಲ. ತಲೆನೋವು ಜಾಸ್ತಿ ಆಗಿದ್ದನ್ನ ಯಾಕೆ ಹೇಳ್ಲಿಲ್ಲ ನೀನು?”

ತಂಗಿ ಮಗಳ ತಲೆ ಸವರಿದಳು.

“ನೀನು ಶುದ್ಧವಾಗಿದೆ ಅಂದಿದ್ಯಲ್ಲ ಅಕ್ಕ. ಅದಕ್ಕೇ ಇವಳು ನೋವು ಅಂತ ಅತ್ತಾಗೆಲ್ಲ, ಸುಳ್ಳು ಹೇಳ್ಬೇಡ ಅಂತ ನಾನೇ ಹೊಡೀತಿದ್ದೆ.”

ಡಾಕ್ಟರಮ್ಮ ಸಿರಿಂಜಿಗೆ ಔಷಧಿ ತುಂಬತೊಡಗಿದರು. ಹೊರಗೆ ಬೆಂಚಿನ ಮೇಲೆ ಇನ್ನೂ ಹಲವು ತಾಯಂದಿರು ಅದೇ ನಾಲ್ಕು ಔಷಧಿಗಳಿಂದ ವಾಸಿಯಾದ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾಯುತ್ತಿದ್ದರು.