ನಾಗಲಕ್ಷ್ಮಿಯ ಅಳತೆ

ಬ್ಯಾಡಗಿಯಲ್ಲಿ ಸೀನಿದ್ದಕ್ಕೆಲ್ಲ ಅಪಶಕುನ ಅಂತ ಕೂತರೆ ಒಂದು ಮನೆಯ ಒಲೆಯೂ ಹತ್ತುವುದಿಲ್ಲ. ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಗಾಳಿಯೇ ಘಾಟು. ಮದುಮಗ ತಾಳಿ ಕಟ್ಟುತ್ತ ಸೀನುತ್ತಾನೆ, ಪೂಜಾರಿ ಆರತಿ ಎತ್ತಿ ಸೀನುತ್ತಾನೆ, ಯಾರೂ ತಿರುಗಿ ನೋಡುವುದಿಲ್ಲ. ನಾಗಲಕ್ಷ್ಮಿ ಒಬ್ಬಳು ಮಾತ್ರ ಇದನ್ನು ಒಪ್ಪುತ್ತಿರಲಿಲ್ಲ. ಬಟ್ಟೆಗೆ ಕತ್ತರಿ ಇಡುವಾಗ ಸೀನಿದರೆ ಕತ್ತರಿ ಕೆಳಗಿಡಬೇಕು, ನೀರು ಕುಡಿದು, ಅಳತೆ ಮತ್ತೊಮ್ಮೆ ನೋಡಬೇಕು ಅನ್ನುವುದು ಅವಳ ಕಾನೂನು.

“ನಮ್ಮೂರಾಗ ಹಿಂಗ ಮಾಡಿದ್ರ ವರ್ಷಕ್ಕೊಂದು ಜಂಪರ್ ಆಕ್ಕೈತಿ ನೋಡ,” ಎಂದು ಅವಳ ಬ್ಯಾಡಗಿಯ ಗೆಳತಿ ಮೀನಾಕ್ಷಿ ನಗುತ್ತಿದ್ದಳು.

ಹಾವೇರಿಯ ಹೊಲಿಗೆ ತರಬೇತಿಯಲ್ಲಿ ಇಬ್ಬರಿಗೂ ಸೇರಿ ಒಂದೇ ಮಷಿನ್ ಸಿಕ್ಕಿತ್ತು. ನಾಗಲಕ್ಷ್ಮಿ ಐರಣಿಯವಳು, ಹೊಳೆದಂಡೆಯ ತಂಪಿನಲ್ಲಿ ಬೆಳೆದವಳು. ಗೆಳತಿಯ ಜೊತೆ ಬ್ಯಾಡಗಿಗೆ ಬಂದರೆ ಬಸ್ ಇಳಿಯುತ್ತಲೇ ಅವಳ ಸೀನು ಶುರು, ಬೆಕ್ಕಿನ ಮರಿ ಸೀನಿದಂತೆ ಸಣ್ಣಗೆ. ಕಲಿಯುವವರು ಮೊದಲ ರವಿಕೆಯನ್ನು, ಅವರ ಮಾತಿನಲ್ಲಿ ಜಂಪರನ್ನು, ತಮ್ಮ ಜೋಡಿಯ ಅಳತೆಗೇ ಹೊಲಿಯಬೇಕಿತ್ತು. ಕೊಡ ಹೊತ್ತೂ ಹೊತ್ತೂ ನಾಗಲಕ್ಷ್ಮಿಯ ಎಡ ಹೆಗಲು ಕೊಂಚ ಇಳಿದಿತ್ತು. ಮೀನಾಕ್ಷಿ ಅದಕ್ಕೆ ತಕ್ಕಂತೆ ಎಡಗಡೆ ಹೊಲಿಗೆ ಇಳಿಸಿ, ಒಳಗೆ ಕೆಂಪು ದಾರದಲ್ಲಿ ಒಂದು ಗುರುತು ಹಾಕಿದ್ದಳು.

ಅಂಗಡಿಯ ಹೆಸರೂ ಆಗಲೇ ಗೊತ್ತಾಗಿತ್ತು: ನಾಗಮೀನಾ ಫ್ಯಾಷನ್ಸ್. ಅಷ್ಟರಲ್ಲಿ ನಾಗಲಕ್ಷ್ಮಿಯನ್ನು ಮೋಟೆಬೆನ್ನೂರಿಗೆ ಕೊಟ್ಟರು. ಬಸುರಾದಾಗ ಫೋನ್ ಮಾಡಿ, “ಏಳರಾಗ ಕುಬಸ ಮಾಡ್ತಾರಂತ. ಜಂಪರ್ ನೀನ ಹೊಲಿಬೇಕ ಮತ್ತ,” ಅಂದಿದ್ದಳು. ಮೀನಾಕ್ಷಿ ಮಾತು ಕೊಟ್ಟಿದ್ದಳು. ಬಸುರಿಗೆ ಹಸಿರು ಸೀರೆ, ಹಸಿರು ಬಳೆ, ಹೊಸ ಕುಬಸ ತೊಡಿಸಿ ಆರತಿ ಎತ್ತುವ ಆ ಕಾರ್ಯ ಅವಳ ಪಾಲಿಗೆ ಬರಲಿಲ್ಲ. ಆರನೇ ತಿಂಗಳಲ್ಲೇ ಜ್ವರ ಬಂತು. ಬಸುರಿ ಮೈ ಬಿಸಿ ಇರೋದೇ ಅಂತ ಮನೆಯವರು ಕಷಾಯ ಕುಡಿಸುತ್ತ ಕೂತರು. ದವಾಖಾನೆ ಮುಟ್ಟುವಷ್ಟರಲ್ಲಿ ತಾಯಿಯೂ ಇಲ್ಲ, ಕೂಸೂ ಇಲ್ಲ.

ಮೀನಾಕ್ಷಿ ಅಂಗಡಿಯನ್ನು ಅದೇ ಹೆಸರಿನಿಂದ ತೆರೆದಳು. ಮೀನಾ ನೀನು, ನಾಗ ಯಾರು ಎಂದು ಕೇಳಿದವರಿಗೆ, “ಪಾರ್ಟ್ನರ್ ಅದಾಳ್ರಿ,” ಎನ್ನುತ್ತಿದ್ದಳು. ಸುಳ್ಳೂ ಆಗಿರಲಿಲ್ಲ. ನಡುಮಧ್ಯಾಹ್ನ ಅಂಗಡಿ ಖಾಲಿ ಇದ್ದಾಗ, ಅಳತೆ ನೋಡುವ ಪರದೆಯ ಹಿಂದಿನಿಂದ ಸಣ್ಣ ಸೀನು ಕೇಳುತ್ತಿತ್ತು. ಸರಿಸಿದರೆ ಬರೀ ಕನ್ನಡಿ. ಬ್ಯಾಡಗಿಯಲ್ಲಿ ಸೀನಿಗೆ ಹೆದರುತ್ತಾರೇನು ಎಂದು ತನಗೆ ತಾನೇ ಹೇಳಿಕೊಂಡರೂ ಪರದೆಯನ್ನು ಮತ್ತೆ ಪೂರ್ತಿ ಎಳೆದುಬಿಡುತ್ತಿದ್ದಳು.

ಈ ಸುಗ್ಗಿಯಲ್ಲಿ ಮೋಟೆಬೆನ್ನೂರಿನ ಸೋಮವ್ವ ಬಂದಳು. ನಾಗಲಕ್ಷ್ಮಿಯ ಅತ್ತೆ. ಮಗನಿಗೆ ಎರಡನೇ ಮದುವೆಯಾಗಿ, ಹೊಸ ಸೊಸೆ ಶ್ವೇತಾ ಈಗ ಬಸುರಿ.

“ಕುಬಸ ಇಟ್ಕೊಂಡೀವಿ ತಂಗಿ. ಜಂಪರ್ ಚೆಂದ ಆತಂದ್ರ ರಾಣೆಬೆನ್ನೂರಾಗ ನಮ್ಮ ಬೀಗರ ಮದುವಿ ಐತಿ, ಅದರ ಹೊಲಿಗಿ ಎಲ್ಲಾ ನಿನಗ,” ಎಂದು ಹಸಿರು ಖಣ ಮತ್ತು ಅಳತೆಗೊಂದು ಹಳೆ ಜಂಪರ್ ಮುಂದಿಟ್ಟಳು.

ಅಂಥ ಒಂದು ಮದುವೆಯ ಕೆಲಸ ಸಿಕ್ಕರೆ ಅಂಗಡಿ ಕಾಲೂರಿದ ಹಾಗೆಯೇ. ಮೀನಾಕ್ಷಿ ಹಿಗ್ಗಿ, ಹಳೆ ಜಂಪರನ್ನು ಒಳಮೈ ತಿರುವಿದಳು. ಎಡ ಹೆಗಲಲ್ಲಿ ಇಳಿಸಿದ ಹೊಲಿಗೆ. ಕೆಂಪು ದಾರದ ಗುರುತು. ತಾನೇ ಹಾಕಿದ್ದು.

“ಅವ್ವಾರ, ಇದು ನಾಗೂಂದಲ್ಲೇನ್ರಿ?”

ಸೋಮವ್ವ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ಆಕಿದ. ಕುಬಸ ಕಾಣದ ಹೋದಾಕಿ ತಂಗಿ, ಮನಿ ಬಿಟ್ಟು ಹೋಗವಲ್ಲಳು. ಅಡಗಿಮನ್ಯಾಗ ಸೀನಿದ್ದು ಕೇಳಸ್ತೈತಿ. ಆಕಿ ಅಳತಿಗೆ ಹೊಲದ ಕೊಡು. ಶ್ವೇತಾ ತೊಟ್ಕೊಂಡ್ರ ಆಕಿಗೆ ಮುಟ್ಟತೈತಿ, ಶಾಂತ ಆಕ್ಕಾಳ.”

ಸೀನು ಕೇಳುವುದು ತನಗೊಬ್ಬಳಿಗೇ ಅಲ್ಲ! ಸೋಮವ್ವ ಹೋದ ಮೇಲೆ ಮೀನಾಕ್ಷಿ ಖಣ ಹಾಸಿ, ನಾಗಲಕ್ಷ್ಮಿಯ ಅಳತೆಗೆ ಗೆರೆ ಎಳೆದಳು. ಕೊಟ್ಟ ಮಾತೂ ನಡೆಯಿತು, ಮದುವೆಯ ಕೆಲಸವೂ ಬಂತು, ಇದರಲ್ಲಿ ತಪ್ಪೇನು ಎಂದುಕೊಂಡು ಕತ್ತರಿ ಎತ್ತಿದಳು.

ಪರದೆಯ ಹಿಂದೆ ಸೀನು.

ಅವಳು ಕತ್ತರಿ ಕೆಳಗಿಟ್ಟಳು. ನೀರು ಕುಡಿದಳು. ಅಳತೆ ಮತ್ತೊಮ್ಮೆ ನೋಡಬೇಕಲ್ಲ? ತೊಡುವವಳ ಅಳತೆ ಎಲ್ಲಿ? ಫೋನ್ ಎತ್ತಿ, ಸೊಸೆಯನ್ನು ಕರೆತಂದರೇ ಬಟ್ಟೆ ಕತ್ತರಿಸುವುದು ಎಂದು ಸೋಮವ್ವನಿಗೆ ಹೇಳಿದಳು.

ಮರುದಿನ ಸೋಮವ್ವ ಮುಖ ಗಂಟಿಕ್ಕಿಕೊಂಡೇ ಬಂದು ಹೊರಗಿನ ಬೆಂಚಿನ ಮೇಲೆ ಕೂತಳು. ಪರದೆಯ ಒಳಗೆ ಶ್ವೇತಾ ಕನ್ನಡಿಗೆ ಬೆನ್ನು ಮಾಡಿ ನಿಂತಳು. ಕೊರಳಲ್ಲಿ ತಾಳಿಯ ಪಕ್ಕ, ಸತ್ತವಳ ಕಾಟ ತಟ್ಟದಿರಲೆಂದು ಎರಡನೇ ಹೆಂಡತಿಗೆ ಕಟ್ಟುವ, ಸವತಿಯ ಹೆಸರಿನ ಬೆಳ್ಳಿ ಬಿಲ್ಲೆ. ಮೀನಾಕ್ಷಿ ಹೆಗಲ ಮೇಲೆ ಟೇಪು ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ಎಡ ಹೆಗಲು ಇಳಿದಿತ್ತು.

“ಮೊದಲಿಂದ ಹಿಂಗ ಐತೇನವ್ವಾ?”

“ಇಲ್ರಿ ಅಕ್ಕಾರ. ಆಕಿ ಜಂಪರ್ ಹಾಕ್ಕೊಂಡು ಹಾಕ್ಕೊಂಡು ಹಿಂಗಾಗೈತ್ರಿ. ಆಕಿ ಅರಿವಿ, ಆಕಿ ಚಪ್ಲಿ... ಮರೆತು ನಾಗೂ ಅಂತನ ಕರೀತಾರ. ಈಗ ನಾನೂ ಓ ಅಂತೇನ್ರಿ.”

ಹೇಳಿ ಅವಳು ಗೋಡೆಗೆ ಒರಗಿದಳು. ಹಿಡಿಯಲು ಹೋದ ಮೀನಾಕ್ಷಿಯ ಕೈಗೆ ಕಾದ ಹಂಚಿನಂಥ ಮೈ ತಾಗಿತು.

ಮೀನಾಕ್ಷಿ ಪರದೆ ಕಿತ್ತು ಬರುವ ಹಾಗೆ ಸರಿಸಿದಳು. “ಅವ್ವಾರ, ಹುಡುಗಿ ಮೈ ಸುಡಾಕತ್ತೈತಿ!”

“ಬಸುರಿ ಮೈ ಬಿಸಿ ಇರೋದ, ತಂಗಿ. ಕಷಾಯ ಕೊಟ್ಟೀನಿ.”

“ನಾಗೂಗೂ ಇದನ್ನ ಅಂದಿದ್ರಿ!”

ಮೀನಾಕ್ಷಿ ಕಾಯಲಿಲ್ಲ. ಶಟರ್ ಎಳೆದು, ಆಟೋ ಕೂಗಿ, ಶ್ವೇತಾಳನ್ನು ಹತ್ತಿಸಿದಳು. ಮುದುಕಿ ಚಪ್ಪಲಿ ಬಿಟ್ಟು ಬರಿಗಾಲಲ್ಲೇ ಓಡಿಬಂದು ಪಕ್ಕದಲ್ಲಿ ಕೂತಳು. ದಾರಿಯುದ್ದಕ್ಕೂ ಸೊಸೆಯ ಕೈ ಹಿಡಿದು, “ನನ್ನವ್ವಾ ಶ್ವೇತಾ, ಶ್ವೇತಾ,” ಎನ್ನುತ್ತಲೇ ಇದ್ದಳು.

ಸೋಂಕು ರಕ್ತಕ್ಕೇರುವುದರಲ್ಲಿತ್ತು, ಒಳ್ಳೆ ಹೊತ್ತಿಗೆ ತಂದಿರಿ ಎಂದರು ಡಾಕ್ಟರು. ತಾಯಿ, ಕೂಸು ಎರಡೂ ಉಳಿದವು. ರಾಣೆಬೆನ್ನೂರಿನ ಮದುವೆಯ ಹೊಲಿಗೆ ಮಾತ್ರ ಬೇರೆಯವರ ಪಾಲಾಯಿತು. ಅತ್ತೆಗೆ ಎದುರು ಮಾತಾಡುವ ದರ್ಜಿ ಬೇಡ ಎಂದರಂತೆ ಬೀಗರು.

ಶ್ವೇತಾ ದವಾಖಾನೆಯಿಂದ ಮನೆಗೆ ಹೋದ ಮೇಲೆ ಮೀನಾಕ್ಷಿ ಖಣದ ಮೇಲಿನ ಹಳೆ ಗೆರೆಗಳನ್ನು ಒರೆಸಿ, ಶ್ವೇತಾಳ ಅಳತೆಗೆ ಹೊಸ ಗೆರೆ ಎಳೆದಳು. ಎರಡೂ ಹೆಗಲು ಸಮ. ಇಂದು ಇಳಿದಿದ್ದರೂ ನಾಳೆ ಏರಲಿ. ಕತ್ತರಿ ಎತ್ತಿ, ಪರದೆಯ ಕಡೆ ಕಿವಿಗೊಟ್ಟು ನಿಂತಳು.

ಹೊರಗೆ ಮೆಣಸಿನಕಾಯಿ ಚೀಲದ ಗಾಡಿಗಳು ಹೋಗುತ್ತಿದ್ದವು. ಘಾಟು ಮೂಗಿಗೆ ಬಡಿಯುತ್ತಿತ್ತು.

“ನಾಗೂ,” ಎಂದು ಕರೆದಳು. “ಕತ್ತರಿ ಇಡ್ಲೇನ?”

ಯಾರೂ ಸೀನಲಿಲ್ಲ. ಮೀನಾಕ್ಷಿ ಅಳುತ್ತಲೇ ಬಟ್ಟೆ ಕತ್ತರಿಸಿದಳು.